ನೆಗಡಿಯ ದಿನದ ಅಣಬೆ

ಮೂಸಕ್ಕನನ್ನು ಸರಕೆಂದುಕೊಂಡು ನೋಡಿದರೆ ಯಾವ ವ್ಯಾಪಾರಿಯೂ ಎರಡನೇ ಸಲ ಕೈಗೆತ್ತಿಕೊಳ್ಳುವುದಿಲ್ಲ. ಮೈ ಮರದಲ್ಲೇ ಒಣಗಿದ ನುಗ್ಗೆಕಾಯಿ. ತಲೆ ಅರ್ಧ ನೆರೆತದ್ದು, ಅದೂ ಒಂದೇ ಪಕ್ಕಕ್ಕೆ. ಕಾಲಿಗೆ ಬೇರೆ ಬೇರೆ ಜೋಡಿಯಿಂದ ಉಳಿದ ಎರಡು ರಬ್ಬರ್ ಬೂಟು, ಮೇಲೆ ಯಾರೋ ಗಂಡಸಿನ ದೊಗಳೆ ಅಂಗಿ, ಅದರ ಜೇಬಿನಲ್ಲಿ ಬೆಣ್ಣೆಯನ್ನೂ ಕೊಯ್ಯಲಾರದ ಮೊಂಡು ಚಾಕು. ಇಡೀ ಮಾಲಿನಲ್ಲಿ ಬೆಲೆಬಾಳುವುದು ಮೂಗೊಂದೇ. ಉದ್ದದ್ದು, ತುದಿಯಲ್ಲಿ ಸ್ವಲ್ಪ ಬಾಗಿದ್ದು, ಸದಾ ಕೆಲಸದಲ್ಲಿರುವಂಥದ್ದು. ಬೆಳಗ್ಗೆ ಅಂಗಡಿಗೆ ಬಂದವಳು ಮೊದಲು ಟೊಮೆಟೊ ಬುಟ್ಟಿಯ ಮೇಲೆ ಬಗ್ಗಿ ಒಂದು ಸಲ ಉಸಿರೆಳೆದು, "ಅಡೀಲಿ ಒಂದು ಕೊಳೆತಿದೆ ಸಾವ್ಕಾರ್ರೇ" ಎನ್ನುವಳು. ತರಕಾರಿ ಅಂಗಡಿಯವನು ಬುಟ್ಟಿ ಸುರುವಿದರೆ ಕೊಳೆತದ್ದು ಇದ್ದೇ ಇರುತ್ತಿತ್ತು. ಗಿರಾಕಿಗಳ ಎದುರಿಗೆ ಇಂಥ ಮೂಗು ಅಂಗಡಿಗೆ ಲಾಭವೋ ನಷ್ಟವೋ ಎಂದು ಅವನು ಬಹಳ ದಿನ ತಲೆ ಕೆರೆದುಕೊಂಡದ್ದುಂಟು.

ಅವಳಿಗೆ ಹೊಲ ಎಂಬುದು ಒಂದು ಕಡೆ ಇರಲಿಲ್ಲ. ನಗರದ ತುಂಬ ಚೂರು ಚೂರಾಗಿ ಬಿದ್ದಿತ್ತು. ರೈಲು ಹಳಿಯ ಗೋಡೆಗುಂಟ ಗಣಿಕೆ ಸೊಪ್ಪು. ಮುಚ್ಚಿದ ಬಸ್ ಡಿಪೋದ ಸಿಮೆಂಟು ಬಿರುಕುಗಳಲ್ಲಿ ಗೋಣಿಸೊಪ್ಪು. ಸ್ಮಶಾನದ ನೆರಳಿನ ಮೂಲೆಯಲ್ಲಿ ಹುಳಿಸೊಪ್ಪು. ಅಲ್ಲಿನದು ಎಳೆಯದು, ಯಾಕೆಂದರೆ ತುಳಿಯುವವರು ಕಡಿಮೆ. ಪೆಟ್ರೋಲ್ ಬಂಕಿನ ಸುತ್ತ ಎಷ್ಟೇ ಸೊಂಪಾಗಿ ಬೆಳೆದಿದ್ದರೂ ಮುಟ್ಟಳು. ದಾರಿಬದಿಯ ಗಿಡವಾದರೆ ನಾಯಿ ಕಾಲೆತ್ತುವ ಎತ್ತರಕ್ಕಿಂತ ಮೇಲಿನದನ್ನೇ ಚಿವುಟುವಳು. ಮಳೆ ಬಿದ್ದು ಮಾರನೆಯ ದಿನ ಬಿಸಿಲು ಬಂತೆಂದರೆ ಅಣಬೆ. ಹಳೆಯ ಮರ ಕಡಿದ ಜಾಗ, ಗೆದ್ದಲು ಹಿಡಿದ ಗೋಡೆಯ ಬುಡ, ಯಾರೂ ತಿರುಗಿ ನೋಡದ ಹಿತ್ತಿಲು, ಇವೆಲ್ಲ ಅವಳಿಗೆ ಬಾಯಿಪಾಠ.

ಅಣಬೆಯನ್ನು ಅವಳು ಮಣ್ಣಿನ ಸಮೇತ ತರುತ್ತಿದ್ದಳು. ಅಂಗಡಿಯವನಿಗೂ ಅವಳಿಗೂ ಮೊದಲ ಜಗಳ ಹತ್ತಿದ್ದೇ ಅಲ್ಲಿ.

"ಅಲ್ಲಮ್ಮ, ನಾನು ಅಣಬೆ ಕೊಳ್ಳೋದೋ, ಸೈಟು ಕೊಳ್ಳೋದೋ?" ಎಂದಿದ್ದ ಅವನು.

"ಮಣ್ಣು ತೊಳೆದ್ರೆ ಹೋಗುತ್ತೆ. ಬುಡ ಹೋದ್ರೆ ಗುರುತು ಹೋಗುತ್ತೆ."

"ಏನು ಗುರುತು?"

ಅವಳು ಒಂದನ್ನು ಎತ್ತಿ ತೋರಿಸಿದಳು. ಒಳ್ಳೆಯ ಅಣಬೆಗೆ ಇಲಿಯ ಬಾಲದಂತೆ ಉದ್ದನೆಯ ಬೇರು, ನೆಲದೊಳಗಿನ ಗೆದ್ದಲ ಗೂಡಿನ ತನಕ ಇಳಿದಿರುತ್ತದೆ. ಕೆಟ್ಟದ್ದಕ್ಕೆ ಬುಡದಲ್ಲಿ ಒಂದು ಬಿಳಿ ಚೀಲ, ಮೊಟ್ಟೆಯ ಸಿಪ್ಪೆ ಒಡೆದು ಹೊರಬಂದ ಹಾಗೆ. ಕೊಡೆ ಬಿಚ್ಚಿದ ಮೇಲೆ ಬೇರೆ ಗುರುತುಗಳೂ ಸಿಗುತ್ತವೆ. ಮೊಗ್ಗಾಗಿರುವಾಗ ಮಾತ್ರ ಎರಡೂ ಒಡಹುಟ್ಟಿದವರಂತೆ. ಹೇಳಬೇಕಾದದ್ದನ್ನೆಲ್ಲ ಬುಡವೇ ಹೇಳಬೇಕು. ಅದಕ್ಕೇ ಮೊಂಡು ಚಾಕು. ಹರಿತವಾದದ್ದು ಕೊಯ್ಯುತ್ತದೆ, ಮೊಂಡಾದದ್ದು ಮೀಟುತ್ತದೆ.

ಅಂಗಡಿಯವನು ಒಪ್ಪಿಕೊಂಡ. ಮಣ್ಣಿನ ತೂಕವನ್ನು ಬೆಲೆಯಲ್ಲಿ ಮುರಿದುಕೊಂಡೇ ಒಪ್ಪಿದ, ಅದು ಬೇರೆ ಮಾತು.

ಸರಕು ಬರುವ ಮೂಲವನ್ನು ಕಣ್ಣಾರೆ ನೋಡದೆ ಅವನಿಗೆ ನಿದ್ದೆ ಬರುವುದಿಲ್ಲ. ಹಾಗಾಗಿ ಒಂದು ಬೆಳಗ್ಗೆ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಅವಳ ಹಿಂದೆ ಹೊರಟ. ಸ್ಮಶಾನದ ಹಿಂಗೋಡೆಯ ಹತ್ತಿರ, ಉರುಳಿಬಿದ್ದ ಮರದ ಪಕ್ಕ, ಬಿಳಿ ಅಣಬೆಗಳು ತಟ್ಟೆ ಜೋಡಿಸಿಟ್ಟಂತೆ ಎದ್ದಿದ್ದವು. ಅವನ ಬಾಯಲ್ಲಿ ನೀರೂ ಬಂತು, ಮನಸ್ಸಿನಲ್ಲಿ ದರವೂ ಬಂತು. ಮೂಸಕ್ಕ ಮಂಡಿಯೂರಿ ಚಾಕು ತೆಗೆದವಳು ಹಾಗೇ ಕೈ ತಡೆದಳು. ಮೂಗಿನ ಹೊಳ್ಳೆ ಅಗಲವಾಯಿತು. ಆಮೇಲೆ ಪಕ್ಕದಲ್ಲಿ ಯಾರೋ ಕೂತಿದ್ದಾರೆ ಎಂಬಂತೆ ತಲೆ ಓರೆ ಮಾಡಿ, "ಸಾಕು, ಗೊತ್ತಾಯ್ತು ಬಿಡೇ" ಎಂದು ಚಾಕುವನ್ನು ಜೇಬಿಗಿಳಿಸಿದಳು.

"ಯಾರಿಗೆ ಹೇಳಿದ್ದು?"

"ಪುಟ್ಟಿಗೆ. ನನ್ನ ತಂಗಿ."

"ಎಲ್ಲಿದಾಳೆ?"

"ಇದಕ್ಕೆ ನಾನೇನು ಹೇಳಲಿ ಸಾವ್ಕಾರ್ರೇ. ಸತ್ತು ಎಷ್ಟೋ ವರ್ಷ ಆಯ್ತು. ಸೋಪಿನ ವಾಸನೆ ಬರುತ್ತೆ. ಬಂದ್ರೆ ನಾನು ಕೀಳಲ್ಲ."

ಅಂಗಡಿಯವನಿಗೆ ಬಂದದ್ದು ಹಸಿ ಮಣ್ಣಿನ ವಾಸನೆ ಮಾತ್ರ. ನಂಬದೆ ಒಂದನ್ನು ತಾನೇ ಬೆರಳಿಂದ ಮೀಟಿ ಎತ್ತಿದ. ಬುಡದಲ್ಲಿ ಬಿಳಿ ಚೀಲ ಇತ್ತು.

ಹಿಂದಿರುಗುವಾಗ ದಾರಿಯುದ್ದಕ್ಕೂ ಅವನು ಇದಕ್ಕೊಂದು ಸಮಜಾಯಿಷಿ ಹುಡುಕಿದ. ಮೂಗು ಇವಳದೇ, ಅನುಭವ ಇವಳದೇ. ಒಳ್ಳೆಯ ಮಾಲಿಗೆ ಯಾರದೋ ಹೆಸರಿನ ಚೀಟಿ ಅಂಟಿಸುವ ಹಾಗೆ ಸತ್ತವಳ ಹೆಸರು ಹಚ್ಚಿದ್ದಾಳೆ, ಅಷ್ಟೆ. ಪೇಟೆಯಲ್ಲಿ ಎಲ್ಲರೂ ಮಾಡುವುದೇ. ಈ ಉತ್ತರ ಅವನಿಗೆ ಹಿಡಿಸಿತು. ಮರುದಿನದಿಂದ, "ಏನು, ನಿಮ್ಮ ಪಾಲುದಾರರು ಬಂದಿದ್ರಾ ಇವತ್ತು?" ಎಂದು ಕೇಳಲು ಶುರುಮಾಡಿದ.

"ಬಂದಿದ್ಲು. ಬದುಕಿದ್ದಾಗ ಮಹಾ ಸೋಮಾರಿ. ಈಗ ಒಂದು ದಿನ ರಜಾ ಹಾಕಲ್ಲ," ಎನ್ನುವಳು ಮೂಸಕ್ಕ, ಮುಖ ಸ್ವಲ್ಪವೂ ಸಡಿಲಿಸದೆ.

ತಂಗಿಯ ಕತೆಯನ್ನು ಅವಳು ಹೇಳಿದ್ದು ಚೂರುಪಾರು, ಸೊಪ್ಪು ಬಿಡಿಸುತ್ತ, ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತು. ಅಕ್ಕತಂಗಿ ಇಬ್ಬರೂ ಆಸ್ಪತ್ರೆಯ ಬಟ್ಟೆ ಒಗೆಯುವ ಒಂದು ಲಾಂಡ್ರಿಯಲ್ಲಿದ್ದರು. ಅಕ್ಕನ ಕೆಲಸ ಕೊಳೆ ಬಟ್ಟೆ ಬೇರ್ಪಡಿಸುವುದು. ಯಾವುದರಲ್ಲಿ ರಕ್ತ, ಯಾವುದರಲ್ಲಿ ಔಷಧಿ ಎಂದು ಗಂಟು ಬಿಚ್ಚುವ ಮೊದಲೇ ಹೇಳುತ್ತಿದ್ದಳು. ಮೂಸಕ್ಕ ಎಂಬ ಹೆಸರು ಬಿದ್ದದ್ದು ಅಲ್ಲಿಯೇ. ತಂಗಿಯ ಕೆಲಸ ಇಸ್ತ್ರಿ. ಅವಳಿಗೆ ಚೊಕ್ಕಟದ ಹುಚ್ಚು. ಲಾಂಡ್ರಿಯಲ್ಲಿ ಕೊಡುತ್ತಿದ್ದ ಕೆಂಪು ಸೋಪಿನಲ್ಲೇ ಕೈ ತೊಳೆದೂ ತೊಳೆದೂ, ಅವಳು ಹತ್ತಿರ ಬಂದರೆ ಆಸ್ಪತ್ರೆಯ ಓಣಿಯೇ ಎದ್ದು ಬಂದಂತಿರುತ್ತಿತ್ತು. ಆ ಸೋಪಿನ ಕಾರ್ಖಾನೆ ಯಾವಾಗಲೋ ಬಾಗಿಲು ಹಾಕಿತು. ಈಗ ಹುಡುಕಿದರೂ ಸಿಗುವುದಿಲ್ಲ. ಅಂಗಡಿಯವನು ವಿಚಾರಿಸಿ ನೋಡಿದ್ದ.

ಲಾಂಡ್ರಿಯ ಹಿತ್ತಿಲಲ್ಲಿ ಮಳೆಗಾಲಕ್ಕೆ ಅಣಬೆ ಏಳುತ್ತಿತ್ತು. ಅಕ್ಕ ಬುಡ ಸಮೇತ ಮೀಟುವಳು. ತಂಗಿಗೆ ಮಣ್ಣೆಂದರೆ ಅಸಹ್ಯ. ಬಟ್ಟೆ ಕತ್ತರಿಸುವ ಕತ್ತರಿಯಿಂದ ನೆಲಮಟ್ಟಕ್ಕೆ ಕಚಕ್ಕೆಂದು ಕತ್ತರಿಸಿ ಬಿಳಿ ಬಟ್ಟೆಯಲ್ಲಿ ಜೋಡಿಸುವಳು. ಎಷ್ಟು ಬೈದರೂ ನಗುವಳು. ಒಂದು ಸಂಜೆ ಅಕ್ಕನಿಗೆ ಹೆಚ್ಚಿನ ಪಾಳಿ ಬಿತ್ತು. "ನೀನು ನಡಿ, ನಾನು ಹಿಂದೇನೇ ಬರ್ತೀನಿ" ಎಂದಳು. ಬರಲಾಗಲಿಲ್ಲ. ತಂಗಿ ಒಬ್ಬಳೇ ಆರಿಸಿ, ಒಬ್ಬಳೇ ಬೇಯಿಸಿ, ಒಬ್ಬಳೇ ಉಂಡಳು.

"ಆ ರಾತ್ರಿ ವಾಂತಿ. ಅದಾದ ಮೇಲೆ ಚೆನ್ನಾಗೇ ಆದ್ಲು," ಎಂದಳು ಮೂಸಕ್ಕ. "ಮಧ್ಯೆ ಒಂದು ದಿನ ಪೂರ್ತಿ ಚೆನ್ನಾಗಿದ್ಲು. ಕೆಲಸಕ್ಕೆ ಬಂದ್ಲು, ಬಟ್ಟೆ ಮಡಿಚಿದ್ಲು, ಹಾಡು ಹೇಳಿದ್ಲು. ನಾನು, 'ನೋಡು, ಸಾಯದೆ ಉಳಿದೆ, ಇನ್ನಾದ್ರೂ ಬುಡ ನೋಡು' ಅಂತ ಬೈದೆ. ಒಳಗೆ ಲಿವರ್ ಕರಗಿ ಹೋಗ್ತಾ ಇತ್ತಂತೆ. ಆ ಒಳ್ಳೆ ದಿನ ಇದೆಯಲ್ಲ ಸಾವ್ಕಾರ್ರೇ, ಅದು ಬರಬಾರದಿತ್ತು."

ಅಂಗಡಿಯವನು ತಕ್ಕಡಿಯ ತಟ್ಟೆ ಒರೆಸುತ್ತ ಕೂತ. ಆ ದಿನ ಪಾಲುದಾರರ ವಿಚಾರ ಕೇಳಲಿಲ್ಲ.

ಲಾಂಡ್ರಿ ಮುಚ್ಚಿತು. ಕಟ್ಟಡ ಹಾಳು ಬಿತ್ತು. ಅದರ ಹಿತ್ತಿಲೊಂದನ್ನು ಬಿಟ್ಟು ಮೂಸಕ್ಕ ನಗರದ ಎಲ್ಲ ಮೂಲೆಗಳಿಗೂ ಹೋಗುತ್ತಿದ್ದಳು. ಆ ಬೀದಿಗೆ ತಿರುಗಿದರೇ ಸಾಕು, ಸೋಪಿನ ವಾಸನೆ ಗಂಟಲಿಗೇ ಬರುತ್ತದೆ ಎನ್ನುತ್ತಿದ್ದಳು.

ಹೀಗಿರುವಾಗ ಅವಳಿಗೆ ನೆಗಡಿ ಬಂತು. ಸಾಧಾರಣ ನೆಗಡಿಯಲ್ಲ. ಮೂಗು ಕಟ್ಟಿ, ಕಣ್ಣು ಊದಿ, ಮಾತೆಲ್ಲ ಮಡಕೆಯೊಳಗಿಂದ ಬಂದಂತೆ. ಮಳೆ ಬಿಟ್ಟ ಒಂದು ಮಧ್ಯಾಹ್ನ ಅದೇ ಅವತಾರದಲ್ಲಿ ಪುಟ್ಟ ಬುಟ್ಟಿ ಹಿಡಿದು ಅಂಗಡಿಗೆ ಬಂದಳು. ಬುಟ್ಟಿಯಲ್ಲಿದ್ದದ್ದು ಅವನು ಈವರೆಗೆ ಕಂಡಿರದಂಥ ಅಣಬೆ. ಬಿಳಿಯದು, ದಪ್ಪನೆಯದು, ಹೆಚ್ಚಿನವು ಅಂಗೈಯಗಲ.

"ಇವತ್ತು ಮೂಗು ಕದ ಹಾಕ್ಕೊಂಡಿದೆಯೋ?" ಎಂದ.

"ಹೂಂ," ಎಂದಳು. ಬೇರೆ ದಿನವಾಗಿದ್ದರೆ ಮಾತಿಗೆ ಮಾತು ಬರುತ್ತಿತ್ತು. ಅವನು ಅದನ್ನು ಗಮನಿಸಿದ. ಆದರೆ ಅಣಬೆಯನ್ನು ಅದಕ್ಕಿಂತ ಹೆಚ್ಚು ಗಮನಿಸಿದ. ಎಲ್ಲಿಯದೆಂದು ಕೇಳಲಿಲ್ಲ. ಎಣ್ಣೆ ಬರುವಾಗ ಕಣ್ಣು ಮುಚ್ಚಿಕೊಳ್ಳಬಾರದು ಎಂಬ ಮಾತು ಅವನಿಗೆ ಗೊತ್ತಿತ್ತು. ಕಣ್ಣು ತೆರೆದುಕೊಂಡೂ ಕಾಣದೆ ಇರಬಹುದು ಎನ್ನುವುದು ಗೊತ್ತಿರಲಿಲ್ಲ.

ಅವನ ತಾಯಿಗೆ ಹಲ್ಲು ಹೋಗಿ, ಕಿವಿ ಅರ್ಧ ಹೋಗಿ, ನಾಲಿಗೆಯೊಂದು ಪೂರ್ತಿ ಉಳಿದಿತ್ತು, ಮಾತಿಗೂ ರುಚಿಗೂ. ಮಳೆ ಶುರುವಾದಾಗಿನಿಂದ, "ಊರಿಗೆಲ್ಲ ಅಣಬೆ ಮಾರ್ತೀಯ, ಹೆತ್ತವಳಿಗೆ ಅದರ ನೀರೂ ಇಲ್ಲ" ಎಂದು ದಿನಾ ಹಾಡುತ್ತಿದ್ದಳು. ಹಾಗಾಗಿ ಆ ಬುಟ್ಟಿಯಲ್ಲಿ ಒಂದನ್ನೂ ಮಾರದೆ ಪೂರ್ತಿ ಮನೆಗೆ ಕೊಟ್ಟುಬಂದ. ಹೆಂಡತಿ ನೋಡಿ, "ಇದೇನು, ಸೂರ್ಯ ಯಾವ ಕಡೆ ಹುಟ್ಟಿದ?" ಎಂದಳು.

ಸಂಜೆ ಅಂಗಡಿಯ ದೀಪ ಹಾಕುವ ಹೊತ್ತಿಗೆ ಮೂಸಕ್ಕ ಮತ್ತೆ ಬಂದಳು. ಬೂಟು ಹಾಕಿರಲಿಲ್ಲ. ಮುಖವೆಲ್ಲ ಬೆವರೋ ಹಬೆಯೋ, ಒದ್ದೆಯಾಗಿತ್ತು. ಬಂದವಳೇ ಎರಡೂ ಅಂಗೈಗಳನ್ನು ಅವನ ಮೂಗಿನ ಹತ್ತಿರ ಚಾಚಿದಳು.

"ನೋಡಿ. ಮೂಸಿ ನೋಡಿ."

"ಏನಮ್ಮ ಇದು?"

"ಬಿಸಿನೀರಿನ ಹಬೆ ತಗೊಂಡೆ, ಮೂಗು ಬಿಡ್ತು. ಬಿಟ್ಟ ತಕ್ಷಣ ಅದೇ. ಕೈಯಲ್ಲಿ, ಚಾಕೂಲಿ, ಬುಟ್ಟಿ ಬಟ್ಟೇಲಿ. ಅವಳು ಪೂರ್ತಿ ಹೊತ್ತು ಪಕ್ಕದಲ್ಲೇ ಇದ್ದಾಳೆ ಸಾವ್ಕಾರ್ರೇ. ನನಗೇ ಗೊತ್ತಾಗಿಲ್ಲ. ಅಣಬೆ ಎಲ್ಲಿ?"

"ಎಲ್ಲಿಯದು ಅದು?" ಈ ಪ್ರಶ್ನೆಯನ್ನು ಅವನು ಕೇಳಿದ್ದು ಆಗ.

"ಲಾಂಡ್ರಿ ಹಿತ್ತಿಲದು." ಅವಳು ಕಣ್ಣು ತಪ್ಪಿಸಲಿಲ್ಲ. "ಮೂಗು ಕಟ್ಟಿತ್ತಲ್ಲ, ಇವತ್ತು ಬರಲ್ಲ ಅವಳು ಅಂದ್ಕೊಂಡೆ. ಒಂದು ದಿನ ಒಬ್ಬಳೇ ಇರೋಣ ಅನ್ನಿಸ್ತು. ಬುಡ ಎಲ್ಲಾ ನೋಡಿದೀನಿ, ಒಂದು ಬಿಟ್ಟು. ಅದೊಂದು ಮೊಗ್ಗು. ಇಟ್ಟಿಗೆ ಸಂದೀಲಿತ್ತು, ಮೀಟೋವಾಗ ಮುರೀತು. ಬುಡ ಒಳಗೇ ಉಳೀತು. ಬೇರೆ ದಿನ ಆಗಿದ್ರೆ ಎಸೀತಿದ್ದೆ. ಇವತ್ತು ಯಾರೂ ಬೇಡ ಅನ್ನಲಿಲ್ಲ, ಹಾಕ್ಕೊಂಡೆ. ಎಲ್ಲಿ ಸಾವ್ಕಾರ್ರೇ, ಯಾರಿಗೆ ಕೊಟ್ರಿ?"

"ಮನೆಗೆ," ಎಂದ ಅವನು.

ಫೋನ್ ಮಾಡಿದ. ತಾಯಿ ಎತ್ತಿಕೊಂಡಳು.

"ಅಮ್ಮಾ, ಅಣಬೆ ತಿನ್ನಬೇಡ."

"ಅಣಬೇನಾ? ಆಯ್ತಪ್ಪ, ಆಯ್ತು. ಘಮ ಅಂತಿದೆ. ಬೇಗ ಬಾ, ನಿನಗೆ ಅಂತ ಯಾರೂ ಎತ್ತಿಡಲ್ಲ," ಎಂದು ಇಟ್ಟುಬಿಟ್ಟಳು. ಮತ್ತೆ ಮಾಡಿದ. ಯಾರೂ ಎತ್ತಲಿಲ್ಲ.

ಅಂಗಡಿ ತೆರೆದದ್ದು ತೆರೆದ ಹಾಗೇ. ಅವನ ವ್ಯಾಪಾರದ ಜನ್ಮದಲ್ಲಿ ಅದೇ ಮೊದಲು. ಸ್ಕೂಟರಿನ ಹಿಂದೆ ಮೂಸಕ್ಕ ಕೂತಳು. ಬೀದಿ ದೀಪಗಳು ಹತ್ತುತ್ತಿದ್ದವು. ಮಾಂಸದಂಗಡಿ, ಔಷಧಿಯಂಗಡಿ, ಸೈಕಲ್ ರಿಪೇರಿಯವನು, ಎಲ್ಲ ಎಂದಿನಂತೆಯೇ ಇದ್ದರು. ಸ್ಕೂಟರಿಗೆ ಇಬ್ಬರಿಗಿಂತ ಹೆಚ್ಚು ಭಾರ ಬಿದ್ದಂತೆ ಹಿಂದಿನ ಚಕ್ರ ಎಳೆಯುತ್ತಿತ್ತು. ಗಾಳಿ ಕಮ್ಮಿಯಾಗಿರಬೇಕು ಎಂದುಕೊಂಡ. ಬೆಳಗ್ಗೆ ತಾನೇ ಹಾಕಿಸಿದ್ದ.

ತಾಯಿ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡಿದ್ದಳು. ತಟ್ಟೆಯಲ್ಲಿ ಅಣಬೆಯ ಪಲ್ಯ, ಹಬೆಯಾಡುತ್ತಿತ್ತು. ಅಂಗಡಿಯವನು ಬಾಯಿ ತೆರೆಯುವ ಮೊದಲೇ ಮೂಸಕ್ಕ ಅವನನ್ನು ದಾಟಿ ಹೋಗಿ ತಟ್ಟೆ ಕಿತ್ತುಕೊಂಡಳು.

"ಯಾರೇ ನೀನು, ಉಣ್ಣೋರ ತಟ್ಟೆಗೆ ಕೈ ಹಾಕೋಳು?" ಎಂದಳು ಮುದುಕಿ.

"ಬಾಯಿಗಿಟ್ರಾ ಅಜ್ಜಿ? ಒಂದು ಚೂರಾದ್ರೂ?"

"ಏನು?"

"ತಿಂದ್ರಾ?"

"ಎಲ್ಲಿ ತಿನ್ನಲಿ. ಕೆಂಡದ ಹಾಗಿದೆ. ಇರೋದು ಬರೀ ವಸಡು, ಸುಟ್ಕೊಳ್ಳೋಕಾಗುತ್ತಾ? ಆರಲಿ ಅಂತ ಕೂತಿದ್ದೆ. ಕೊಡಿಲ್ಲಿ."

ಅಂಗಡಿಯವನು ಹೆಂಡತಿಯ ಕಡೆ ತಿರುಗಿದ. ಅವಳು ಸೌಟು ಹಿಡಿದು ನಿಂತಿದ್ದಳು. "ನೀನು? ಉಪ್ಪು ನೋಡಿದೆಯಾ?"

"ನಾನು ಯಾವತ್ತು ಉಪ್ಪು ನೋಡಿದೀನಿ?" ಎಂದಳು ಅವಳು.

ಅದು ನಿಜ. ಮದುವೆಯಾದಾಗಿನಿಂದ ಆ ಮನೆಯ ಅಡುಗೆಯಲ್ಲಿ ಒಂದು ದಿನ ಸಮುದ್ರ, ಒಂದು ದಿನ ಸಪ್ಪೆ. ಸೌಟನ್ನು ನಾಲಿಗೆಗೆ ತಾಗಿಸುವುದು ಅವಳ ಜಾಯಮಾನವಲ್ಲ. ಅದಕ್ಕಾಗಿ ಅವನು ಆಡಿಕೊಳ್ಳದ ದಿನವಿರಲಿಲ್ಲ. ಈಗ ಗೋಡೆಗೆ ಒರಗಿದ. ಆ ಸಂಜೆಯ ನಂತರ ಆ ಮನೆಯಲ್ಲಿ ಉಪ್ಪಿನ ಮಾತು ಎದ್ದಿಲ್ಲ.

ಮೂಸಕ್ಕ ಕಸದ ಡಬ್ಬಿಯನ್ನು ನೆಲದ ಮೇಲೆ ಸುರುವಿ, ಕತ್ತರಿಸಿ ಹಾಕಿದ್ದ ಬುಡಗಳನ್ನು ಒಂದೊಂದಾಗಿ ಆರಿಸಿ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟಳು. ಎಲ್ಲದಕ್ಕೂ ಇಲಿಯ ಬಾಲ. ಚೀಲ ಒಂದಕ್ಕೂ ಇಲ್ಲ.

"ಒಂದು ಮೊಗ್ಗಿತ್ತು," ಎಂದಳು ಹೆಂಡತಿ, ಇನ್ನೂ ಏನೂ ಅರ್ಥವಾಗದೆ. "ಅದಕ್ಕೆ ಬುಡಾನೇ ಇರಲಿಲ್ಲ. ಚೊಕ್ಕಟವಾಗಿತ್ತು. ಕತ್ತರಿಸೋ ಕೆಲಸ ಉಳೀತು ಅಂದ್ಕೊಂಡೆ."

ಚೊಕ್ಕಟ ಎಂಬ ಮಾತಿಗೆ ಮೂಸಕ್ಕ ತಲೆಯೆತ್ತಿದಳು.

ಆಗ ಕುರ್ಚಿಯಿಂದ ತಾಯಿ ಗೊಣಗಿದಳು. ಮೂಸಕ್ಕನ ಕತೆಯಾಗಲಿ, ತಂಗಿಯ ಕತೆಯಾಗಲಿ ಆಕೆಗೆ ಯಾರೂ ಹೇಳಿದ್ದಿಲ್ಲ, ಹೇಳಿದ್ದರೂ ಕೇಳಿಸುತ್ತಿರಲಿಲ್ಲ.

"ಬಿಸಿ ಊಟ ಹೋಯ್ತು, ಇರಲಿ. ಆಸ್ಪತ್ರೆ ಸೋಪು ಹಾಕ್ಕೊಂಡು ಬಂದಿರೋಳು ಯಾರು? ಅನ್ನದ ಹೊತ್ತಲ್ಲಿ ಒಳ್ಳೇ ಹೆರಿಗೆ ವಾರ್ಡಿನ ವಾಸನೆ. ಅವಳನ್ನ ಸ್ವಲ್ಪ ಆಚೆ ನಿಲ್ಲೋಕೆ ಹೇಳು."

"ಇವಳಾ ಅಮ್ಮ?" ಎಂದು ಅಂಗಡಿಯವನು ಮೂಸಕ್ಕನನ್ನು ತೋರಿಸಿದ.

"ಇವಳಲ್ಲ ಕಣೋ. ಇವಳ ಹಿಂದೆ ಬಂದ್ಲಲ್ಲ."

ಅಡುಗೆಮನೆಯಲ್ಲಿ ನಾಲ್ವರ ಹೊರತು ಯಾರೂ ಇರಲಿಲ್ಲ. ಹೆಂಡತಿ ಸೌಟನ್ನು ಮೆಲ್ಲಗೆ ಕೆಳಗಿಟ್ಟಳು. ಸ್ಕೂಟರಿನ ಮೇಲೆ ದಾರಿಯುದ್ದಕ್ಕೂ ಒಂದು ಕಟುವಾದ ವಾಸನೆ ತನ್ನ ಮೂಗಿಗೆ ಬಡಿಯುತ್ತಿದ್ದುದು ಅಂಗಡಿಯವನಿಗೆ ಆಗ ನೆನಪಾಯಿತು. ಔಷಧಿಯಂಗಡಿಯದೆಂದು ಅದನ್ನು ಆ ಲೆಕ್ಕಕ್ಕೆ ಬರೆದುಬಿಟ್ಟಿದ್ದ. ಔಷಧಿಯಂಗಡಿ ದಾಟಿ ಎಷ್ಟು ಹೊತ್ತಾಗಿತ್ತು.

ಮೂಸಕ್ಕ ಪಲ್ಯದ ಪಾತ್ರೆಯನ್ನೂ ತಟ್ಟೆಯನ್ನೂ ಹಿತ್ತಿಲಿಗೆ ಒಯ್ದು ಗುಂಡಿ ತೋಡಿ ಹೂಳತೊಡಗಿದಳು. "ಪಾತ್ರೆ ನಮ್ಮ ಅಮ್ಮ ಕೊಟ್ಟಿದ್ದು," ಎಂದು ಹೆಂಡತಿ ತಡೆಯಲು ಹೋದವಳು, ಅವಳ ಮುಖ ನೋಡಿ, ಮುಚ್ಚಳವನ್ನಷ್ಟೇ ಉಳಿಸಿಕೊಂಡು ಹಿಂದೆ ಬಂದಳು. ಅಂಗಡಿಯವನು ಗುಂಡಿಯ ಹತ್ತಿರ ನಿಂತು, "ಅದು ಕೆಟ್ಟದ್ದೇ ಇತ್ತಾ?" ಎಂದು ಕೇಳಿದ.

"ಗೊತ್ತಿಲ್ಲ. ಬುಡ ಇಲ್ಲದೆ ಹೇಳೋಕಾಗಲ್ಲ." ಕಾಲಿಂದ ಮಣ್ಣು ತಳ್ಳಿದಳು. "ಅವತ್ತು ನಾನು ಹಿಂದೇನೇ ಬರ್ತೀನಿ ಅಂದಿದ್ದೆ, ಹೋಗಲಿಲ್ಲ. ಇವತ್ತು ಅವಳನ್ನ ಬಿಟ್ಟು ಹೋಗಿದ್ದೆ. ಅವಳು ಬಂದ್ಲು ನೋಡಿ, ಹಿಂದೇನೇ."

ಅವಳು ಅತ್ತಿದ್ದರೆ ಅವನಿಗೆ ಏನಾದರೂ ಹೇಳಲು ಆಗುತ್ತಿತ್ತೇನೋ. ಅವಳು ಮೂಗು ಒರೆಸಿಕೊಂಡಳು, ಅದು ನೆಗಡಿಗೆ.

ಮರುದಿನ ಬೆಳಗ್ಗೆ ಅವನು ಒಬ್ಬನೇ ಲಾಂಡ್ರಿಯ ಹಿತ್ತಿಲಿಗೆ ಹೋದ. ತೂಕ ನೋಡದೆ ಮಾಲು ಬಿಟ್ಟವನಲ್ಲ ಅವನು. ಗೋಡೆ ಅರ್ಧ ಬಿದ್ದಿತ್ತು. ಬಟ್ಟೆ ಒಣಹಾಕುವ ತಂತಿಗಳು ತುಕ್ಕು ಹಿಡಿದು ಜೋತಿದ್ದವು. ಅವಳು ಮೀಟಿದ ಗುಳಿಗಳು ಒಂದರ ಪಕ್ಕ ಒಂದು ಹಾಗೇ ಇದ್ದವು. ಎರಡು ಇಟ್ಟಿಗೆಗಳ ಸಂದಿಯಲ್ಲಿ ಮುರಿದ ದಂಟಿನ ಬಿಳಿ ಗುರುತು ಕಾಣುತ್ತಿತ್ತು, ಒಂದು ಬೆರಳಿನ ಅಗಲ. ಇಟ್ಟಿಗೆ ಸರಿಸಿ ಸ್ವಲ್ಪ ಕೆದಕಿದರೆ ಸಾಕು. ಕೆಳಗೆ ಬಾಲವೋ ಚೀಲವೋ ತಿಳಿದುಹೋಗುತ್ತದೆ.

ಅವನು ಕುಕ್ಕರಗಾಲಲ್ಲಿ ಕೂತ. ಇಟ್ಟಿಗೆಗೆ ಕೈ ಹಚ್ಚಿದ. ಬಾಲವಿದ್ದರೆ ನಿನ್ನೆಯದೆಲ್ಲ ಒಬ್ಬ ನೆಗಡಿಯ ಹೆಂಗಸಿನ ಭ್ರಾಂತಿ, ಒಳ್ಳೆಯ ಪಾತ್ರೆಯೊಂದು ದಂಡ. ಆದರೆ ಅಮ್ಮ ಕಂಡದ್ದು ಯಾರನ್ನು? ಚೀಲವಿದ್ದರೆ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡ ತಾಯಿಯನ್ನು ಪ್ರತಿ ಹೊತ್ತಿನ ಊಟದಲ್ಲೂ ನೋಡಬೇಕು. ಹಿತ್ತಿಲಲ್ಲಿ ಗಾಳಿ ಇರಲಿಲ್ಲ. ತಂತಿಯೊಂದು, ಮೇಲೆ ಒದ್ದೆ ಬಟ್ಟೆ ಬಿದ್ದ ಹಾಗೆ, ಸ್ವಲ್ಪ ತಗ್ಗಿ ಮತ್ತೆ ಮೇಲಕ್ಕೆ ಬಂತು. ಅವನು ಕೈ ತೆಗೆದ. ಗುಳಿಗಳನ್ನೆಲ್ಲ ಕಾಲಿಂದ ಮುಚ್ಚಿ, ಹಿಂದೆ ನೋಡದೆ ಬೀದಿಗೆ ಬಂದ.

ಮೂಸಕ್ಕ ಈಗಲೂ ಬುಟ್ಟಿ ತರುತ್ತಾಳೆ. ಮೂಗು ಕಟ್ಟಿದ ದಿನ ಮನೆ ಬಿಟ್ಟು ಹೊರಡುವುದಿಲ್ಲ. ಅಂಗಡಿಯವನು ಮಣ್ಣಿನ ತೂಕ ಮುರಿದುಕೊಳ್ಳುವುದನ್ನು ನಿಲ್ಲಿಸಿದ್ದಾನೆ. "ಏನು ಸಾವ್ಕಾರ್ರೇ, ಸೈಟು ಕೊಳ್ಳೋಕೆ ಶುರು ಮಾಡಿದ್ರಾ?" ಎಂದು ಅವಳೇ ಈಗ ಕೆಣಕುತ್ತಾಳೆ. ಅವನ ತಾಯಿಗೆ ಮಾತ್ರ ಸಿಟ್ಟು ಇಳಿದಿಲ್ಲ. ಇಂದಿಗೂ ತಟ್ಟೆಗೆ ಏನು ಬಡಿಸಿದರೂ, "ಬಿಸಿ ಇರೋವಾಗಲೇ ತಿಂತೀನಪ್ಪ, ಯಾರು ಬಂದು ಕಿತ್ಕೋತಾರೋ" ಎನ್ನುತ್ತಾಳೆ. ಮತ್ತೆ ಆರಲೆಂದು ಕಾಯುತ್ತಾಳೆ.

ಆ ತಟ್ಟೆ ಕಿತ್ತುಕೊಂಡದ್ದಕ್ಕೆ ತರಕಾರಿ ಅಂಗಡಿಯವನು ಮೂಸಕ್ಕನಿಗೆ ಋಣಿ. ಅವಳ ತಂಗಿಗೂ.